ಹಿತ್ತಲ ಗಿಡಕ್ಕೆ ಬೇಲಿ

ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮಲ್ಲಿ ಗಾದೆ ಐತೆ. ಗಾದೆ ಬೈಯೋದು ಗಿಡವನ್ನಲ್ಲ, ನಮ್ಮನ್ನು. ದೂರದ ಅಂಗಡಿಯಿಂದ ಪೊಟ್ಟಣದಲ್ಲಿ ಕಟ್ಟಿ ತಂದರೆ ಅದೇ ಎಲೆ ಮದ್ದಾಗ್ತದೆ, ಮನೆ ಹಿಂದೆ ಬೆಳೆದರೆ ಮೇಕೆಗೆ ಹೋಗ್ತದೆ. ಈ ಬರಹದಲ್ಲಿ ನಾನು ಕೇಳಬೇಕು ಅಂದುಕೊಂಡ ಪ್ರಶ್ನೆ ಇದು: ನಮ್ಮ ಕೈಯಾರೆ ಮಾಡಿಟ್ಟುಕೊಂಡ ವಸ್ತುವನ್ನು ಉಗ್ರಾಣದಿಂದ ಬಂದ ವಸ್ತು ತಳ್ಳಿ ಅದರ ಜಾಗದಲ್ಲಿ ಕೂತರೆ, ತಡೆಯೋ ಹಕ್ಕು ನಮಗೆ ಐತಾ? ತಡೆದರೆ ನಮ್ಮ ತಲೆ ಮೇಲೆ ಬರೋ ಹೊರೆ ಯಾವುದು?

ನಾನು ಏಳನೇ ಕ್ಲಾಸು ಓದಿದೋನು. ರಾಗಿ ಬೆಳೀತೀನಿ, ಮಾದಪ್ಪನ ಸಾಲು ಹಾಡ್ತೀನಿ. ಇವನು ಕಂಪ್ಯೂಟರಿನ ವಿಷಯ ಬರೆಯೋದಾ ಅಂತ ನಗಬೇಡಿ. ಈ ಪ್ರಶ್ನೆ ನನಗೆ ಹೊಲದಲ್ಲೂ ಬಂದಿತ್ತು, ಹಾಡಿನಲ್ಲೂ ಬಂದಿತ್ತು. ಆದರೆ ಅದು ಬಿಚ್ಚಿ ಕಾಣಿಸಿದ್ದು ನಮ್ಮ ಓದುವ ಮನೆಯ ಕಂಪ್ಯೂಟರಿನಲ್ಲಿ.

ಆದದ್ದು ಇಷ್ಟು. ನಮ್ಮ ಕಡೆಯ ಊರುಗಳ ಹೆಸರನ್ನು ಕನ್ನಡದಲ್ಲಿ ಬರೆದಿಡೋ ಕೆಲಸ ನಡೀತಿತ್ತು. ಸೇಲಂ ಜಿಲ್ಲೆಯಲ್ಲಿ ವಾೞಪ್ಪಾಡಿ ಅಂತ ಒಂದು ಊರೈತೆ. ಅದನ್ನು ವಾಳಪ್ಪಾಡಿ ಅಂತ ಬರೆದರೆ ಆ ಊರಿನೋರ ಬಾಯಲ್ಲಿ ಇರೋ ಉಲಿ ಹೋಗ್ತದೆ. ಆ ಉಲಿಗೆ ಹಳೆಗನ್ನಡದಲ್ಲಿ ಒಂದು ಅಕ್ಷರ ಇತ್ತು, ೞ ಅಂತ. ಈಗ ನಾವು ಬಾಳು ಅನ್ನೋ ಮಾತು ಹಿಂದೆ ಬಾೞ್ ಆಗಿತ್ತು. ತಮಿಳಿನೋರು ಇವತ್ತಿಗೂ ಅದೇ ಉಲಿಯಿಂದ ವಾೞ್ ಅಂತಾರೆ. ನಾವು ಬಿಟ್ಟ ಅಕ್ಷರದ ಉಲಿ ನಮ್ಮ ಪಕ್ಕದ ಮನೆಯಲ್ಲಿ ಇನ್ನೂ ಬದುಕೈತೆ. ನಮ್ಮ ಕಂಪ್ಯೂಟರಿನ ಅಚ್ಚಿನಲ್ಲಿ, ಅಂದರೆ ಫಾಂಟಿನಲ್ಲಿ, ಆ ಅಕ್ಷರದ ರೂಪ ಇರಲಿಲ್ಲ. ನನ್ನ ತಮ್ಮನ ಮಗ ಹೊಸೂರಿನಲ್ಲಿ ಇಂಥದೇ ಕೆಲಸ ಮಾಡೋನು. ಅವನು ಫಾಂಟಿನ ಮೂಲ ಇಳಿಸಿಕೊಂಡು, ೞ ಬರೆದು ಸೇರಿಸಿ, ತಾನೇ ಕಟ್ಟಿ ಕೂರಿಸಿದ. ಹೆಸರುಗಳು ಸರಿಯಾಗಿ ಕಂಡವು. ಹತ್ತು ದಿನ ಕಳೆದ ಮೇಲೆ ಕಂಪ್ಯೂಟರು ತನ್ನಷ್ಟಕ್ಕೆ ತಾನು ಹೊಸದು ಮಾಡಿಕೊಂಡಿತು. ಮಾರನೇ ದಿನ ನೋಡಿದರೆ ೞ ಇದ್ದ ಕಡೆಯೆಲ್ಲ ಖಾಲಿ ಚೌಕ. ಕಡತದಲ್ಲಿ ಅಕ್ಷರ ಹಾಗೇ ಇತ್ತು. ಅದನ್ನು ತೋರಿಸೋ ಅಚ್ಚು ಹೋಗಿತ್ತು.

"ಯಾರೂ ಕೆಡಿಸಿಲ್ಲ ದೊಡ್ಡಪ್ಪಾ, ಪ್ಯಾಕೇಜ್ ಮ್ಯಾನೇಜರ್ ತನ್ನ ಕೆಲಸ ಮಾಡ್ತು ಅಷ್ಟೆ" ಅಂದ ಹುಡುಗ.

ಪ್ಯಾಕೇಜ್ ಮ್ಯಾನೇಜರ್ ಅಂದರೆ ಉಗ್ರಾಣದ ಪಾರುಪತ್ತೇಗಾರ ಅಂತ ತಿಳಿದುಕೊಳ್ಳಿ. ಲಿನಕ್ಸ್ ಅನ್ನೋ ಜಾತಿಯ ಕಂಪ್ಯೂಟರುಗಳಲ್ಲಿ ತಂತ್ರಾಂಶಗಳೆಲ್ಲ ಒಂದು ದೊಡ್ಡ ಉಗ್ರಾಣದಲ್ಲಿ ಪೊಟ್ಟಣ ಕಟ್ಟಿ ಇಟ್ಟಿರ್ತವೆ. ಪ್ರತಿ ಪೊಟ್ಟಣದ ಮೇಲೂ ಹೆಸರು ಮತ್ತು ನಂಬರು. ಪಾರುಪತ್ತೇಗಾರ ನಮ್ಮ ಮನೆಯಲ್ಲಿ ಇರೋ ನಂಬರು ನೋಡ್ತಾನೆ, ಉಗ್ರಾಣದ ನಂಬರು ನೋಡ್ತಾನೆ, ಅಲ್ಲಿರೋದು ದೊಡ್ಡದಾದರೆ ತಂದು ಹಾಕ್ತಾನೆ. 1993ರಲ್ಲಿ ಹುಟ್ಟಿದ ಡೆಬಿಯನ್ ಅನ್ನೋ ಗುಂಪು ಇಂಥ ಏರ್ಪಾಡಿಗೆ ಹೆಸರಾದದ್ದು. ನಮ್ಮ ತಮಿಳುನಾಡಿಗೂ ಇದು ಹೊಸದೇನಲ್ಲ. 2011ರಿಂದ ಸರ್ಕಾರ ಶಾಲೆ ಮಕ್ಕಳಿಗೆ ಹಂಚಿದ ಲ್ಯಾಪ್‌ಟಾಪುಗಳಲ್ಲಿ ಬಾಸ್ ಅಂತ ಒಂದು ಲಿನಕ್ಸ್ ಇತ್ತು. ಅದು ಡೆಬಿಯನ್ ಮೇಲೆ ಸಿ-ಡ್ಯಾಕ್‌ನೋರು ನಮ್ಮ ದೇಶದ ಭಾಷೆಗಳಿಗೆ ಅಂತ ಕಟ್ಟಿದ್ದು. ಅಂದರೆ ದೊಡ್ಡ ಉಗ್ರಾಣದ ಸರಕನ್ನು ತಂದು ನಮ್ಮ ಸೀಮೆಗೆ ತಕ್ಕ ಹಾಗೆ ತಿದ್ದೋದು ಹುಡುಗಾಟ ಅಲ್ಲ, ಸರ್ಕಾರವೇ ಮಾಡಿದ ಕೆಲಸ.

ನಮ್ಮ ಫಾಂಟಿನ ವಿಷಯಕ್ಕೆ ಬರ್ತೀನಿ. ಹುಡುಗ ಕಟ್ಟಿದ ಪೊಟ್ಟಣದ ನಂಬರೂ ಉಗ್ರಾಣದ ಪೊಟ್ಟಣದ ನಂಬರೂ ಒಂದೇ ಆಗಿತ್ತು, ಒಳಗಿನ ಸರಕು ಮಾತ್ರ ಬೇರೆ. ಹಾಗಿದ್ದಾಗ ಪಾರುಪತ್ತೇಗಾರ ಉಗ್ರಾಣದ್ದೇ ಅಸಲು ಅಂದುಕೊಂಡು ಅದನ್ನೇ ತಂದು ಕೂರಿಸ್ತಾನೆ. ಅವನ ಲೆಕ್ಕದಲ್ಲಿ ಅದು ಸರಿಪಡಿಸಿದ್ದು. ನಮ್ಮ ಲೆಕ್ಕದಲ್ಲಿ ಒಂದು ಅಕ್ಷರ ಕಳಕೊಂಡು ಕೆಳಗಿಳಿದದ್ದು.

ಮೇಲೆ ಯಾವುದು, ಕೆಳಗೆ ಯಾವುದು? ಪಾರುಪತ್ತೇಗಾರನಿಗೆ ನಂಬರು ಬಿಟ್ಟರೆ ಬೇರೆ ಅಳತೆಗೋಲು ಇಲ್ಲ. ನಂಬರು ಹೇಳೋದು ಯಾವುದು ಮೊದಲು, ಯಾವುದು ಆಮೇಲೆ ಅಂತ ಮಾತ್ರ. ಯಾವುದು ಒಳ್ಳೇದು ಅಂತ ಅದು ಹೇಳಲಾರದು. ಓಪನ್ ಎಸ್ಎಸ್ಎಲ್ ಅಂತ ಒಂದು ತಂತ್ರಾಂಶ ಐತೆ. ಲೋಕದ ಎಷ್ಟೋ ಕಂಪ್ಯೂಟರುಗಳು ಒಂದಕ್ಕೊಂದು ಗುಟ್ಟಾಗಿ ಮಾತಾಡೋಕೆ ಹಾಕೋ ಬೀಗ ಅದು. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ಒಂದು ದೊಡ್ಡ ತೂತು ಐತೆ ಅಂತ ಗೊತ್ತಾಯ್ತು. ಹಾರ್ಟ್‌ಬ್ಲೀಡ್ ಅಂತ ಹೆಸರಿಟ್ಟರು. ತೂತು ಇದ್ದದ್ದು 1.0.1ರಿಂದ ಈಚೆಗೆ ಬಂದ ಹೊಸ ನಂಬರಿನೋವುಗಳಲ್ಲಿ. ಹಳೇ 0.9.8 ಇಟ್ಟುಕೊಂಡಿದ್ದೋರಿಗೆ ಆ ತೂತು ಇರಲೇ ಇಲ್ಲ. ಇನ್ನೊಂದು ಸ್ವಾರಸ್ಯ ನೋಡಿ. ಡೆಬಿಯನ್‌ನೋರು ತೂತು ಮುಚ್ಚಿದಾಗ ನಂಬರನ್ನು 1.0.1e ಅಂತಲೇ ಉಳಿಸಿಕೊಂಡು, ಹಿಂದೆ ಒಂದು ಬಾಲ ಮಾತ್ರ ಸೇರಿಸಿದರು. ಹೊರಗಿನಿಂದ ನಂಬರು ಓದಿದೋನಿಗೆ ಅದು ತೂತಿರೋ ಪೊಟ್ಟಣದ ಹಾಗೆ ಕಾಣ್ತದೆ, ಒಳಗೆ ತೇಪೆ ಬಿದ್ದು ಗಟ್ಟಿಯಾಗೈತೆ. ದೊಡ್ಡ ಉಗ್ರಾಣದೋರೂ ಹಳೇದನ್ನು ಉಳಿಸಿಕೊಂಡು ತೇಪೆ ಹಾಕ್ತಾರೆ ಅಂದ ಮೇಲೆ, ನಾವು ಹಾಕಿದ ತೇಪೆ ಕೀಳು ಅನ್ನೋದು ಹೇಗೆ?

ಇನ್ನು ಹಕ್ಕಿನ ಮಾತು. ಅಮೆರಿಕದ ಎಂಐಟಿ ಅನ್ನೋ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಅಂತ ಒಬ್ಬ ಇದ್ದ. ಅಲ್ಲಿನ ಅಚ್ಚಿನ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗೋ ಹಾಗೆ ಅವರು ತಾವೇ ತಂತ್ರಾಂಶ ತಿದ್ದಿಕೊಂಡಿದ್ದರು. ಸುಮಾರು 1980ರಲ್ಲಿ ಜೆರಾಕ್ಸ್ ಕಂಪನಿಯ ಹೊಸ ಯಂತ್ರ ಬಂತು. ಅದು ಚುರುಕು, ನೋಡೋಕೂ ಚೆಂದ. ಆದರೆ ಅದರ ತಂತ್ರಾಂಶದ ಮೂಲ ಕೊಡಲಿಲ್ಲ. ಇವರು ಮಾಡಿಕೊಂಡಿದ್ದ ಅನುಕೂಲವನ್ನು ಹೊಸದಕ್ಕೆ ಸೇರಿಸೋಕೆ ಆಗಲಿಲ್ಲ. ಯಂತ್ರ ಮೇಲೇರಿತು, ಬಳಸೋನು ಕೆಳಗಿಳಿದ. ಆ ಕಹಿಯೂ ಸೇರಿ ಸ್ಟಾಲ್‌ಮನ್ 1983ರಲ್ಲಿ ಗ್ನೂ ಅನ್ನೋ ಕೆಲಸ ಸಾರಿದ. 1989ರಲ್ಲಿ ಒಂದು ಪರವಾನಗಿ ಬರೆದ. ತಂತ್ರಾಂಶ ಪಡೆದೋನಿಗೆ ಅದರ ಮೂಲ ನೋಡೋ, ತಿದ್ದೋ, ತಿದ್ದಿದ್ದನ್ನು ಹಂಚೋ ಹಕ್ಕು ಐತೆ ಅಂತ ಅದರ ತಿರುಳು.

ಇದನ್ನು ಕೇಳಿದಾಗ ನನಗೆ ಬಿತ್ತನೆ ಬೀಜದ ಕಾಯ್ದೆ ನೆನಪಾಯ್ತು. ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ರಕ್ಷಣೆಗೆ ನಮ್ಮ ದೇಶದಲ್ಲಿ 2001ರಲ್ಲಿ ಕಾಯ್ದೆ ಆಯ್ತು. ಅದರ 39ನೇ ಕಲಮು ಹೇಳ್ತದೆ: ರೈತ ತಾನು ಬೆಳೆದದ್ದರಲ್ಲಿ ಬೀಜ ಎತ್ತಿಡಬಹುದು, ಮತ್ತೆ ಬಿತ್ತಬಹುದು, ಬದಲು ಕೊಡಬಹುದು, ಹಂಚಬಹುದು, ಮಾರಲೂಬಹುದು, ಕಂಪನಿಯ ಹೆಸರು ಹಾಕಿದ ಬೀಜ ಅಂತ ಮಾತ್ರ ಮಾರಬಾರದು. ಸ್ಟಾಲ್‌ಮನ್‌ಗೆ ರಾಗಿ ಗೊತ್ತಿರಲಿಕ್ಕಿಲ್ಲ, ಕಾಯ್ದೆ ಬರೆದೋರಿಗೆ ಅವನ ಅಚ್ಚಿನ ಯಂತ್ರ ಬೇಕಿರಲಿಲ್ಲ. ಆದರೂ ಇಬ್ಬರೂ ಬಂದು ನಿಂತದ್ದು ಒಂದೇ ಬದುವಿನ ಮೇಲೆ. ಪಡೆದೋನು ತಿದ್ದಿ ಇಟ್ಟುಕೊಳ್ಳಬಹುದು, ಆದರೆ ತನ್ನದನ್ನು ಇನ್ನೊಬ್ಬರ ಹೆಸರಿನಲ್ಲಿ ನಡೆಸಬಾರದು.

ಹಕ್ಕು ಐತೆ. ಹಾಗಾದರೆ ತಡೆಯೋದು ಹೇಗೆ? ಧರ್ಮದ ಪ್ರಶ್ನೆ ಹುಟ್ಟೋದು ಇಲ್ಲಿ. ತಡೆಯೋಕೆ ಹಲವು ದಾರಿ ಅವೆ, ಎಲ್ಲ ದಾರಿಯೂ ಒಂದೇ ಅಲ್ಲ.

ಒಂದು ದಾರಿ ಸುಳ್ಳು ನಂಬರು. ನಮ್ಮ ಪೊಟ್ಟಣಕ್ಕೆ 9999 ಅಂತ ಬರೆದುಬಿಟ್ಟರೆ ಉಗ್ರಾಣದ ಯಾವ ನಂಬರೂ ಅದನ್ನು ದಾಟಲಾರದು. ಡೆಬಿಯನ್‌ನಲ್ಲಿ ಎಪಾಕ್ ಅಂತ ಇನ್ನೊಂದು ಐತೆ: ನಂಬರಿನ ಮುಂದೆ ಒಂದು ಅಂಕಿ, ಒಂದು ಕೋಲನ್ ಚುಕ್ಕೆ. ಅದಿದ್ದರೆ ಹಿಂದಿನ ನಂಬರು ಎಷ್ಟೇ ಚಿಕ್ಕದಿರಲಿ, ಅದಿಲ್ಲದ ಎಲ್ಲಕ್ಕಿಂತ ಅದೇ ದೊಡ್ಡದು. ನಂಬರು ಹಾಕೋ ಕ್ರಮವೇ ಬದಲಾದಾಗ ಬಳಸಲಿ ಅಂತ ಇಟ್ಟಿರೋದು ಅದು. ಬೇಲಿಯಾಗಿ ಬಳಸಿದರೆ ಏನಾಗ್ತದೆ? ನಾಳೆ ಉಗ್ರಾಣದಲ್ಲಿ ನಿಜಕ್ಕೂ ಒಳ್ಳೇದು ಬಂದರೂ ನಮ್ಮ ಮನೆಗೆ ಬರೋದಿಲ್ಲ. ಯಾಕೆ ಬರಲಿಲ್ಲ ಅಂತ ಆಮೇಲಿನೋರಿಗೆ ಗೊತ್ತೂ ಆಗೋದಿಲ್ಲ. ಊರಲ್ಲಿ ಕೆಲವರು ತಮ್ಮ ಹಟ್ಟಿಯ ಹಾಡು ಸಾವಿರ ವರ್ಷದ್ದು, ಉಳಿದೋರದೆಲ್ಲ ಕದ್ದದ್ದು ಅಂತಾರೆ. ಅದೂ 9999 ಬರೆಯೋ ಜಾತಿಯೇ. ಉಳಿಸೋ ಆಸೆ ನಿಜ, ಉಳಿಸೋಕೆ ಹೇಳಿದ ಮಾತು ಸುಳ್ಳು.

ಎರಡನೇ ದಾರಿ ಬಾಲ ಕಟ್ಟೋದು. ಉಗ್ರಾಣದ್ದು 1.3-1 ಆದರೆ ನಮ್ಮದಕ್ಕೆ 1.3-1+ಲೋಕಲ್1 ಅನ್ನೋ ಥರ ಹೆಸರು. ಪಾರುಪತ್ತೇಗಾರನ ಲೆಕ್ಕದಲ್ಲಿ ಇದು 1.3-1ಕ್ಕಿಂತ ಒಂದು ಎಳ್ಳಷ್ಟು ಮೇಲೆ, 1.3-2ಕ್ಕಿಂತ ಕೆಳಗೆ. ಇದು ನನಗೆ ಬಹಳ ಹಿಡಿಸಿತು. ನಿನ್ನ ಪೊಟ್ಟಣದ ಮೇಲೆ ನಾನು ಇಷ್ಟು ಕೆಲಸ ಮಾಡಿದ್ದೀನಿ, ಅದಕ್ಕಿಂತ ಹೆಚ್ಚು ಹೇಳಿಕೊಳ್ಳೋದಿಲ್ಲ ಅಂದ ಹಾಗೆ. ಗುರುವಿನಿಂದ ಕಲಿತ ಹಾಡಿಗೆ ಎರಡು ನುಡಿ ಸೇರಿಸಿದೋನು ಹೇಳಬೇಕಾದ್ದೂ ಇಷ್ಟೇ. ಆದರೆ 1.3-2 ಬಂದ ದಿನ ನಮ್ಮದು ಮತ್ತೆ ಹೋಗ್ತದೆ.

ಅದಕ್ಕೆ ಮೂರನೇ ದಾರಿ, ಗಂಟು ಹಾಕೋದು. ಆಪ್ಟ್-ಮಾರ್ಕ್ ಹೋಲ್ಡ್ ಅಂತ ಒಂದು ಅಪ್ಪಣೆ ಐತೆ. ಅದನ್ನು ಕೊಟ್ಟರೆ ಪಾರುಪತ್ತೇಗಾರ ಆ ಪೊಟ್ಟಣ ಮುಟ್ಟೋದಿಲ್ಲ, ಪ್ರತಿ ಸಲ ಬಂದಾಗಲೂ ಇದನ್ನು ತಡೆದಿಟ್ಟೈತೆ ಅಂತ ಹೇಳಿ ಹೋಗ್ತಾನೆ. ಸೂಸೆಯಲ್ಲಿ ಆಡ್‌ಲಾಕ್, ಫೆಡೋರಾದಲ್ಲಿ ವರ್ಷನ್‌ಲಾಕ್ ಅಂತ ಇಂಥವೇ ಅವೆ. ಪಿನ್ ಮಾಡೋದು ಅಂತಲೂ ಐತೆ: ಯಾವ ಉಗ್ರಾಣದ ಮಾತಿಗೆ ಎಷ್ಟು ತೂಕ ಅಂತ ಅಂಕಿ ಕೊಡೋದು. ಮಾಮೂಲಿ ತೂಕ 500. ಅದು 1000 ದಾಟಿದರೆ ಪಾರುಪತ್ತೇಗಾರ ಕೆಳಗಿನ ನಂಬರನ್ನೂ ತಂದು ಮೇಲಿನದರ ಜಾಗದಲ್ಲಿ ಕೂರಿಸೋಕೆ ಹೇಸೋದಿಲ್ಲ. ಯಾರ ಮಾತಿಗೆ 1000 ದಾಟೋ ತೂಕ ಕೊಟ್ಟಿದ್ದೀವಿ ಅಂತ ಕಂಪ್ಯೂಟರಿನಲ್ಲಿ ತೆಗೆದು ನೋಡಬಹುದು. ಮನಸ್ಸಿನಲ್ಲಿ ಯಾರಿಗೆ ಕೊಟ್ಟಿದ್ದೀವಿ ಅಂತ ನೋಡಿಕೊಳ್ಳೋದು ಕಷ್ಟ.

ನಾಲ್ಕನೇದು ಹಿತ್ತಲು. ಈ ಕಂಪ್ಯೂಟರುಗಳಲ್ಲಿ ಯೂಸರ್ ಲೋಕಲ್ ಅಂತ ಒಂದು ಜಾಗ ಬಿಟ್ಟಿರ್ತಾರೆ. ಮನೆಯೋರು ತಾವೇ ಮಾಡಿಕೊಂಡದ್ದನ್ನು ಅಲ್ಲಿ ಇಟ್ಟುಕೊಳ್ಳಬಹುದು. ಪಾರುಪತ್ತೇಗಾರ ಹೊಸದು ತರುವಾಗ ಅಲ್ಲಿರೋದನ್ನು ತುಳಿಯಬಾರದು ಅಂತ ಎಲ್ಲರೂ ಒಪ್ಪಿಕೊಂಡ ಕಟ್ಟಳೆ. ಹಿತ್ತಲಿಗೆ ಅವನು ಕಾಲಿಡೋದಿಲ್ಲ. ಹಾಗೇ ನೀರೂ ಹಾಯಿಸೋದಿಲ್ಲ.

ಈ ಕೊನೇ ಮಾತಿನಲ್ಲೇ ಎಲ್ಲ ಐತೆ. ಬೇಲಿ ಹಾಕಿದೋನೇ ನೀರು ಹಾಯಿಸಬೇಕು. ಉಗ್ರಾಣದ ಪೊಟ್ಟಣವನ್ನು ತಡೆದಾಗ ಅದರ ಜೊತೆ ಬರೋ ಮದ್ದನ್ನೂ ತಡೆದ ಹಾಗೆ. ನಾಳೆ ತೂತು ಬಿದ್ದರೆ ಮುಚ್ಚೋನು ಯಾರು? ನಮ್ಮ ಗಂಟಿನಿಂದ ಇನ್ನೊಬ್ಬರಿಗೂ ತೊಂದರೆ ಐತೆ. ಒಂದು ಪೊಟ್ಟಣ ಕಟ್ಟಿಹಾಕಿದರೆ, ಅದರ ಹೊಸ ರೂಪವನ್ನು ನಂಬಿದ ಬೇರೆ ಪೊಟ್ಟಣಗಳೂ ಮುಂದೆ ಹೋಗದೆ ನಿಂತುಬಿಡ್ತವೆ. ಮನೆಯ ಹಿರಿಯ ಹಠ ಹಿಡಿದರೆ ಸೊಸೆ ಮೊಮ್ಮಕ್ಕಳೆಲ್ಲ ಬಾಗಿಲಲ್ಲೇ ನಿಂತ ಹಾಗೆ.

ರಾಗಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೀವಿ. ಬೆಂಕಿ ರೋಗ ಬಿದ್ದರೆ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗ್ತದೆ. ಅಜ್ಜನ ಕಾಲದ ಬೀಜ ಅಂತ ನಾವು ಹೆಮ್ಮೆ ಪಟ್ಟರೆ ರೋಗ ಮರ್ಯಾದೆ ಕೊಡೋದಿಲ್ಲ. ಆ ರೋಗ ತಡೆಯೋ ಜಿಪಿಯು-28 ತಳಿ ಬಂದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ, ಅಂದರೆ ಉಗ್ರಾಣದಿಂದಲೇ. ಅದಕ್ಕೂ ಮುಂಚೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನೋರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಆ ಉಗ್ರಾಣ ತುಂಬಿದ್ದು ಎರಡು ದೇಶದ ಹಿತ್ತಲುಗಳಿಂದ. ಉಗ್ರಾಣ ನಮ್ಮ ವೈರಿ ಅನ್ನೋನು ಈ ಕಥೆಯ ಅರ್ಧ ಮಾತ್ರ ಕೇಳಿದ್ದಾನೆ.

ಮನೆಯಲ್ಲಿ ತಿದ್ದಿದ್ದೆಲ್ಲ ಪವಿತ್ರವೂ ಅಲ್ಲ. ಅದೇ ಓಪನ್ ಎಸ್ಎಸ್ಎಲ್‌ಗೆ 2006ರಲ್ಲಿ ಡೆಬಿಯನ್‌ನೋರು ಮೂಲದಲ್ಲಿ ಇಲ್ಲದ ಒಂದು ತಿದ್ದುಪಡಿಯನ್ನು ತಮ್ಮ ಪೊಟ್ಟಣದಲ್ಲಿ ಮಾಡಿಕೊಂಡರು. ಒಳ್ಳೇ ಮನಸ್ಸಿನಿಂದ ಮಾಡಿದ್ದು. ಆದರೆ ಬೀಗದ ಕೈ ಮಾಡುವಾಗ ಬೇಕಾದ ಗೊತ್ತುಗುರಿ ಇಲ್ಲದ ಕಲಬೆರಕೆ ಅದರಿಂದ ಹೊರಟುಹೋಯ್ತು. ಎಣಿಸಲಾಗದಷ್ಟು ಬಗೆಯ ಕೈ ಹುಟ್ಟಬೇಕಾದ ಕಡೆ, ಒಂದೊಂದು ಜಾತಿಯಲ್ಲಿ 32,768 ಬಗೆ ಮಾತ್ರ ಹುಟ್ಟಿದವು. ಕಳ್ಳ ಅಷ್ಟನ್ನೂ ಒಂದೊಂದಾಗಿ ಹಾಕಿ ನೋಡಬಹುದು. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಎರಡು ವರ್ಷದ ಹತ್ತಿರ ಲೋಕ ಆ ಬೀಗ ನಂಬಿ ಮಲಗಿತ್ತು. ಹಾಗಾಗಿ ನಮ್ಮೂರಲ್ಲಿ ಕಟ್ಟಿದ್ದು ಅನ್ನೋದು ಒಂದು ಗುಣ ಆಗಬಹುದು, ಪರೀಕ್ಷೆಗೆ ಬದಲಿ ಆಗಲಾರದು.

ಈಗ ನಮ್ಮ ಮಾತಿಗೆ ಬರ್ತೀನಿ. ಸೇಲಂ, ಧರ್ಮಪುರಿ ಕಡೆ ಕನ್ನಡ ಮಾತಾಡೋ ನಾವು ಎರಡು ಉಗ್ರಾಣದ ನಡುವೆ ಇರೋರು. ಬಡಗಲಿಗೆ ಬೆಂಗಳೂರು, ಮೂಡಲಿಗೆ ಮದ್ರಾಸು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಆಯ್ತು, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಆಯ್ತು. ಜಿಲ್ಲೆಯ ನಂಬರು ಬದಲಾದರೂ ಮನೆ ಮಾತು ಬದಲಾಗಲಿಲ್ಲ. ಮೇಟ್ಟೂರು, ಪಾಲಾರ್ ದಾರಿ ಹಿಡಿದು ಮಾದಪ್ಪನ ಬೆಟ್ಟಕ್ಕೆ ಹೋಗೋ ನಮ್ಮೋರು ಹಾಡೋ ಸಂಕಮ್ಮನ ಸಾಲಿಗೆ ನಮ್ಮದೇ ಒಂದು ಓಟ ಐತೆ, ನಮ್ಮ ಹಳ್ಳ ಕೊಳ್ಳದ ಹೆಸರು ಅದರೊಳಗೆ ಬರ್ತವೆ, ತಮಿಳಿನ ಮಾತೂ ಅಲ್ಲಲ್ಲಿ ಕೂತಿರ್ತವೆ. ಈಗಿನ ಹುಡುಗರು ಫೋನಿನಲ್ಲಿ ಮೈಸೂರು ಸೀಮೆಯ ಹಾಡು ಕೇಳಿ, "ತಾತ, ನೀನು ಹಾಡೋದು ತಪ್ಪು, ಇಲ್ಲಿ ಹಿಂಗೈತೆ" ಅಂತಾರೆ. ಫೋನಿನಲ್ಲಿ ಹಾಡಿದೋರು ದೊಡ್ಡ ಕಲಾವಿದರು, ಅವರ ಮೇಲೆ ನನಗೆ ಗೌರವ ಐತೆ. ಆದರೆ ಆ ಹುಡುಗನ ಮನಸ್ಸಿನೊಳಗೆ ಒಬ್ಬ ಪಾರುಪತ್ತೇಗಾರ ಕೂತಿದ್ದಾನೆ. ಹೆಸರು ಒಂದೇ, ಸರಕು ಬೇರೆ, ಉಗ್ರಾಣದ್ದೇ ಅಸಲು ಅಂತ ಅವನು ನಮ್ಮದನ್ನು ತೆಗೆದು ಅದನ್ನು ಕೂರಿಸ್ತಿದ್ದಾನೆ. ಯಾರೂ ಕೆಡಿಸಿಲ್ಲ, ಅವನು ತನ್ನ ಕೆಲಸ ಮಾಡ್ತಿದ್ದಾನೆ ಅಷ್ಟೆ. ಫಾಂಟು ಹೋದರೆ ಹೊಸೂರಿನಿಂದ ಹುಡುಗ ಬಂದು ಮತ್ತೆ ಕಟ್ಟಬಹುದು. ಹಾಡು ಹೋದರೆ ಅದರ ಮೂಲ ಇರೋದು ನಾಲ್ಕು ಮುದುಕರ ಎದೆಯಲ್ಲಿ. ಆ ಎದೆ ನಿಂತ ದಿನ ಎಲ್ಲಿಂದ ಇಳಿಸಿಕೊಳ್ಳೋದು?

ಹಾಗಂತ ಮೈಸೂರಿನ ಹಾಡು ಕೇಳಬೇಡಿ ಅಂತ ನಾನು ಹೇಳಿದರೆ, ಅದು ಎಲ್ಲ ಪೊಟ್ಟಣಕ್ಕೂ ಗಂಟು ಹಾಕಿದ ಹಾಗೆ. ಆ ಮನೆ ಕೊಳೀತದೆ. ಅಲ್ಲಿನ ಕಂಸಾಳೆಯ ವರಸೆಯಲ್ಲಿ ನಾವು ಕಲಿಯೋದು ಬಹಳ ಐತೆ. ಅದನ್ನು ಕಲಿಯಿರಿ, ನಮ್ಮ ಓಟದ ಜಾಗ ಮಾತ್ರ ಖಾಲಿ ಮಾಡಬೇಡಿ ಅನ್ನೋದು ನನ್ನ ಮಾತು.

ಎಲ್ಲಕ್ಕಿಂತ ಗಟ್ಟಿ ದಾರಿ ಇನ್ನೊಂದು ಐತೆ. ನಾವು ಮಾಡಿದ ತಿದ್ದುಪಡಿಯನ್ನು ಉಗ್ರಾಣಕ್ಕೇ ಕೊಡೋದು. ಫಾಂಟು ಮಾಡಿದ ಮೂಲದೋರಿಗೆ ೞ ಕಳಿಸಿ, ಅವರು ಪರೀಕ್ಷೆ ಮಾಡಿ ಒಪ್ಪಿದರೆ, ಮುಂದಿನ ಪೊಟ್ಟಣದಲ್ಲಿ ಅದು ಎಲ್ಲರ ಮನೆಗೂ ಹೋಗ್ತದೆ. ಆಮೇಲೆ ಬೇಲಿಯೇ ಬೇಡ. ಬೀಜದ ಕಾಯ್ದೆಯಲ್ಲೂ ರೈತರ ತಳಿಯನ್ನು ದಾಖಲೆ ಮಾಡಿಸೋ ದಾರಿ ಐತೆ. ಹಾಡಿಗೆ ಈ ಓದುವ ಮನೆಯ ಪುಸ್ತಕವೇ ದಾರಿ. ಕೊಟ್ಟರೆ ನಮ್ಮದು ಕರಗಿಹೋಗ್ತದೆ ಅಂತ ಹೆದರೋರು ಅವರೆ. ಬಚ್ಚಿಟ್ಟ ಬೀಜಕ್ಕೆ ಹುಳ ಬೀಳ್ತದೆ, ಹಂಚಿದ ಬೀಜ ನಮ್ಮ ಹೊಲದಲ್ಲಿ ಸತ್ತರೂ ಪಕ್ಕದೋನ ಹೊಲದಲ್ಲಿ ಸಿಗ್ತದೆ.

ಕೊಡೋವರೆಗೆ, ಅವರು ಒಪ್ಪೋವರೆಗೆ, ಬೇಲಿ ಬೇಕು. ಅಂಥ ಬೇಲಿಗೆ ನಾನು ಕೇಳೋದು ಮೂರೇ. ತಡೆದದ್ದನ್ನು ತಡೆದಿದ್ದೀನಿ ಅಂತ ಬಹಿರಂಗವಾಗಿ ಹೇಳು, ಸುಳ್ಳು ನಂಬರು ಹಾಕಬೇಡ. ಯಾಕೆ ತಡೆದೆ ಅಂತ ನಿನ್ನ ಮಗ ಓದೋ ಹಾಗೆ ಬರೆದಿಡು, ಇಲ್ಲದಿದ್ದರೆ ಅವನಿಗೆ ಅದು ಗಂಟಾಗಿ ಉಳೀತದೆ, ಗುಟ್ಟು ತಿಳಿಯೋದಿಲ್ಲ. ವರ್ಷಕ್ಕೊಂದು ಸಲ, ಯುಗಾದಿಗೋ ಸಂಕ್ರಾಂತಿಗೋ, ಬೇಲಿ ತೆಗೆದು ಗಿಡ ನೋಡು. ಇನ್ನೂ ಮದ್ದಾಗಿದ್ದರೆ ಬೇಲಿ ಕಟ್ಟಿ ನೀರು ಹಾಯಿಸು. ಒಣಗಿದ್ದರೆ, ಉಗ್ರಾಣದ ಪೊಟ್ಟಣ ಅದಕ್ಕಿಂತ ಒಳ್ಳೇದಾಗಿದ್ದರೆ, ನಾಚಿಕೆ ಪಡದೆ ಅದನ್ನೇ ತಗೋ.

ನಮ್ಮ ೞ ಈಗ ಹಿತ್ತಲಲ್ಲಿ ಐತೆ. ಯಾಕೆ ಅಲ್ಲಿ ಇಟ್ಟೆವು ಅಂತ ಒಂದು ಚೀಟಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೀವಿ. ಮೂಲದೋರಿಗೂ ಕಳಿಸಿದ್ದೀವಿ.